ಇಬ್ಬರು ರಾಜರ ಗಡಿಯಲ್ಲಿ ಗೋಮಾಳ

ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಕೆರೆ ಶಾಸನವಿದೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ ಅದು. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕ ಒಪ್ಪಿಸುವ ಆ ಶಾಸನ, ಒಳ್ಳೆಯ ಕೆರೆಗೆ ಇರಬೇಕಾದ 12 ಅಂಗಗಳನ್ನೂ ಕೆರೆಗೆ ತಟ್ಟಬಾರದ 6 ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಕೆರೆಯಂಗಳದ ನಡುವೆ ಎದ್ದ ದಿಬ್ಬ, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗುವುದು. ಈ ಐದೂ ಮಣ್ಣು ನೀರಿನ ಮಾತು. ಉಳಿದ ಒಂದು ಮಾತ್ರ ಬೇರೆ ಜಾತಿಯದು: ಕೆರೆ ಇಬ್ಬರು ರಾಜರ ಗಡಿಯಲ್ಲಿ ಇರಬಾರದು.

ಕರ್ನಾಟಕದ ಹಳ್ಳಿಗಳ ಸಾಮುದಾಯಿಕ ಭೂಮಿಗೆ, ಅಂದರೆ ಗೋಮಾಳ, ಗುಂಡುತೋಪು, ಹಳ್ಳಕೊಳ್ಳ, ಕೆರೆಯಂಗಳಗಳಿಗೆ ಇಂದು ಅಂಟಿಕೊಂಡಿರುವುದು ಈ ಕೊನೆಯ ದೋಷವೇ. ಗೋಮಾಳದ ಪಹಣಿ ಕಂದಾಯ ಇಲಾಖೆಯ ಕೈಯಲ್ಲಿದೆ. ಅದರ ಮೇಲೆ ಸಸಿ ನೆಡಲು ಸಾಮಾಜಿಕ ಅರಣ್ಯ ವಿಭಾಗ ಬರುತ್ತದೆ. ಮಳೆನೀರು ಇಂಗಿಸಲು ಟ್ರೆಂಚು, ಅಂದರೆ ಉದ್ದನೆಯ ಗುಂಡಿ, ತೋಡಿಸುವುದು ಉದ್ಯೋಗ ಖಾತ್ರಿ ಹಣದಲ್ಲಿ ಗ್ರಾಮ ಪಂಚಾಯಿತಿ. ಅಲ್ಲಿಂದ ಇಳಿದ ನೀರು ಸೇರುವ ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ನೆಲ, 40 ಹೆಕ್ಟೇರ್ ದಾಟಿದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ, ದಾಟದಿದ್ದರೆ ಪಂಚಾಯಿತಿಗೆ ಸೇರುತ್ತದೆ. ಒಂದೇ ಇಳಿಜಾರಿನಲ್ಲಿ ಒಂದೇ ಮಳೆಯ ನೀರು ಒಂದು ಮೈಲಿ ಹರಿಯುವಷ್ಟರಲ್ಲಿ ನಾಲ್ಕು ಕಡತಗಳನ್ನು ದಾಟುತ್ತದೆ. ಅಲ್ಲಿ ಮೇಯುವ ಕುರಿಗೆ ಮಾತ್ರ ಯಾವ ಕಡತವೂ ಇಲ್ಲ.

ಸಾಮುದಾಯಿಕ ಭೂಮಿ ಹಾಳಾಗುವುದೇಕೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರವೆಂದರೆ ಎಲ್ಲರದ್ದೂ ಯಾರದ್ದೂ ಅಲ್ಲ ಎಂಬುದು. 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಈ ಮಾತಿಗೆ ಶಾಸ್ತ್ರದ ಗೌರವ ತಂದುಕೊಟ್ಟರು. ತಾನು ಹೇಳಿದ್ದು ಕಟ್ಟುಪಾಡಿಲ್ಲದ ಹುಲ್ಲುಗಾವಲಿನ ಬಗ್ಗೆ ಎಂದು ಮುಂದೆ ಅವರೇ ತಿದ್ದಿಕೊಂಡರೂ ತಿದ್ದುಪಡಿಗಿಂತ ಮೂಲವೇ ಹೆಚ್ಚು ದೂರ ಹೋಯಿತು. ಊರವರೇ ನಿಯಮ ಮಾಡಿಕೊಂಡು, ಮುರಿದವರಿಗೆ ದಂಡ ಹಾಕಿ, ನೂರಾರು ವರ್ಷ ಕಾಪಾಡಿಕೊಂಡ ಕಾಲುವೆ, ಕಾಡು, ಹುಲ್ಲುಗಾವಲುಗಳನ್ನು ಜಗತ್ತಿನ ಮೂಲೆಮೂಲೆಯಿಂದ ಆರಿಸಿ ತೋರಿಸಿದ ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಈ ವಾದವಿವಾದದಲ್ಲಿ ಒಂದು ಸಂಗತಿ ಹಿಂದೆ ಸರಿಯುತ್ತದೆ. ನಮ್ಮ ಹಳ್ಳಿಗಳ ಸಾಮುದಾಯಿಕ ಭೂಮಿ ಹಂಚಿ ಉಳಿದ ಚೂರುಪಾರು ನೆಲವಲ್ಲ. ಅದನ್ನು ಇರಬೇಕಾದ ಜಾಗದಲ್ಲೇ ಇರಿಸಲಾಗಿತ್ತು. ಆ ಜಾಗದ ಲೆಕ್ಕವನ್ನು ಕಳೆದುಕೊಂಡದ್ದೇ ಇಂದಿನ ತಾಪತ್ರಯದ ಬೇರು ಎಂಬುದು ಈ ಲೇಖನದ ವಾದ.

ಕೋಲಾರ ಅಥವಾ ಚಿಕ್ಕಬಳ್ಳಾಪುರದ ಕಡೆಯ ಯಾವುದಾದರೂ ಊರಿನ ಗ್ರಾಮನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ ನೋಡಿದರೆ ಇದು ತಿಳಿಯುತ್ತದೆ. ನೆಲದ ಮೇಲಿನ ಒಂದು ಮೈಲಿ ಕಾಗದದಲ್ಲಿ ಎಂಟು ಇಂಚಾಗಿ ಕಾಣುತ್ತದೆ. ಅಂಥ ಅಳತೆಯ ನಕ್ಷೆ ಅದು. ಒಂದು ಅಂಚಿನಲ್ಲಿ ದೊಡ್ಡದೊಂದು ಸರ್ವೆ ನಂಬರು, ಅದರೊಳಗೆ ಗುಡ್ಡ ಅಥವಾ ಬಂಡೆಯ ಗುರುತು. ಅದು ಗೋಮಾಳ. ಅದರ ಮಗ್ಗುಲಿಂದ ಹೊರಟ ಹಳ್ಳದ ಗೆರೆಗಳು ಹೊಲಗಳ ನಡುವೆ ಹಾದು ಒಂದು ಬಿಲ್ಲಿನಾಕಾರದ ಗೆರೆಗೆ ಬಂದು ಸೇರುತ್ತವೆ. ಆ ಬಿಲ್ಲೇ ಕೆರೆಯ ಏರಿ. ಏರಿಯ ಒಂದು ತುದಿಯಲ್ಲಿ ಕೋಡಿ, ನಡುವೆ ತೂಬು, ಕೆಳಗೆ ಗುಂಟೆ ಲೆಕ್ಕದ ಪುಟ್ಟ ಪುಟ್ಟ ಗದ್ದೆ ನಂಬರುಗಳ ಅಚ್ಚುಕಟ್ಟು. ಊರು ಮತ್ತು ಕೆರೆಯ ನಡುವೆಯೋ ಊರ ಬಾಗಿಲಲ್ಲೋ ಒಂದು ತೋಪು. ಕೋಡಿ ಬಿದ್ದ ನೀರು ಮುಂದಿನ ಊರಿನ ಕೆರೆಗೆ, ಅಲ್ಲಿಂದ ಅದರ ಮುಂದಿನದಕ್ಕೆ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನುವಾಗ ನಾವು ಬಿಡಿ ಕೆರೆಗಳನ್ನು ಎಣಿಸುತ್ತೇವೆ; ಕಟ್ಟಿದವರು ಎಣಿಸಿದ್ದು ಸರಣಿಯನ್ನು.

ಗೋಮಾಳ ಮೇಲೇ ಏಕಿದೆ? ಬಯಲುಸೀಮೆಯ ದಿಣ್ಣೆಗಳಲ್ಲಿ ಕಲ್ಲಿನ ಮೇಲೆ ಮಣ್ಣು ಗೇಣುದ್ದವೂ ಇರುವುದಿಲ್ಲ. ಗರಸು ಬೆರೆತ ಆ ಕೆಂಪುಮಣ್ಣಿನಲ್ಲಿ ನೇಗಿಲು ಹೂಡಿದರೆ ನಾಲ್ಕಾರು ಮಳೆಗೆ ಮಣ್ಣು ಹರಿದು ಹೋಗಿ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಹುಲ್ಲಿನ ಬೇರು ಮಾತ್ರ ಆ ಮಣ್ಣನ್ನು ಹಿಡಿದಿಡಬಲ್ಲದು. ಆದ್ದರಿಂದ ಮೇಲೆ ಮೇಯುವುದು, ಕೆಳಗೆ ಉಳುವುದು. ಮೇಲೆ ಮೇದ ಕುರಿಮಂದೆಯನ್ನು ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ನಿಲ್ಲಿಸಿ ಗೊಬ್ಬರ ಪಡೆಯುವುದು, ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೇರುವುದು. ಇಳಿದದ್ದು ಹೀಗೆ ಮತ್ತೆ ಮೇಲಕ್ಕೆ ಏರುತ್ತಿತ್ತು. ಈಗ ವಿಶ್ವವಿದ್ಯಾಲಯಗಳಲ್ಲಿ ಪರಿಸರ ಭೂದೃಶ್ಯ ವಿನ್ಯಾಸ ಎಂಬ ಹೆಸರಲ್ಲಿ ಕಲಿಸುವ ಪಾಠದ ತಿರುಳು ಇದೇ: ನೆಲದ ಏರಿಳಿತ, ಮಣ್ಣಿನ ಆಳ, ನೀರಿನ ಹರಿವು ಇವುಗಳನ್ನು ಮೊದಲು ಓದಿ, ಯಾವ ಬಳಕೆ ಎಲ್ಲಿ ಎಂಬುದನ್ನು ಆಮೇಲೆ ಬರೆಯುವುದು.

ಹಳೆಯದನ್ನು ಹೊಗಳುವಾಗ ಎಚ್ಚರ ಬೇಕು. ಆ ವಿನ್ಯಾಸವನ್ನು ನಡೆಸುತ್ತಿದ್ದವರು ಗದ್ದೆಗಳಿಗೆ ಕೆರೆನೀರು ಬಿಡುವ ನೀರುಗಂಟಿ, ಊರ ಚಾಕರಿಯ ತೋಟಿ, ತಳವಾರರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಕಾಲುವೆಯಲ್ಲಿ ಕಸ ಕಟ್ಟಿದೆ, ಏರಿಯಲ್ಲಿ ಎಲ್ಲಿ ಇಲಿ ಬಿಲ ತೋಡಿದೆ ಎಂಬುದು ನೀರುಗಂಟಿಗೆ ಗೊತ್ತಿತ್ತು. ಆ ನೀರಿನಲ್ಲಿ ಅವನ ಪಾಲು ಎಂದರೆ ಸುಗ್ಗಿಯಲ್ಲಿ ಅಳೆದುಕೊಡುವ ಒಂದಿಷ್ಟು ಧಾನ್ಯ. ಹುಟ್ಟಿನಿಂದ ಬಂದ ಚಾಕರಿ ಅದು, ಬಹುಪಾಲು ದಲಿತ ಮನೆಗಳ ಮೇಲಿನ ಹೊರೆ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಆ ವ್ಯವಸ್ಥೆಯನ್ನು ತೆಗೆದುಹಾಕಿದ್ದು ನ್ಯಾಯವೇ. ತಪ್ಪಿದ್ದು ಅದರ ಮುಂದಿನ ಹೆಜ್ಜೆ. ಚಾಕರಿ ಹೋಯಿತು, ಕೆಲಸ ಉಳಿಯಿತು, ಸಂಬಳ ಕೊಟ್ಟು ಆ ಕೆಲಸಕ್ಕೆ ಯಾರನ್ನೂ ನೇಮಿಸಲಿಲ್ಲ. ಕೆರೆ ಒಡೆಯುವ ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಊರಿನಲ್ಲಿ ಕೇಳಿದರೆ ಇವತ್ತಿಗೂ ಉತ್ತರ ಒಂದೇ ಸಮ ಬರುವುದಿಲ್ಲ.

ವಿನ್ಯಾಸ ಮುರಿದ ಬಗೆಯನ್ನು ಕಾನೂನಿನ ಒಂದು ಅಂಕಿಯಲ್ಲೇ ನೋಡಬಹುದು. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ನೆಲವನ್ನು ಉಚಿತ ಹುಲ್ಲುಗಾವಲಾಗಿ ಕಾದಿರಿಸಬೇಕು. ಕೇಳಲು ಉದಾರವಾಗಿಯೇ ಇದೆ. ಆದರೆ ಈ ಲೆಕ್ಕದಲ್ಲಿ ದನದ ತಲೆ ಇದೆ, ನೆಲದ ಎತ್ತರ ಇಲ್ಲ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದವು. ಸೀಮೆಹಸು ಕೊಟ್ಟಿಗೆಯಲ್ಲೇ ಮೇವು ತಿಂದು ಡೇರಿಗೆ ಹಾಲು ಕೊಡತೊಡಗಿತು. ತಲೆ ಕಡಿಮೆಯಾದಂತೆ ಕಾಗದದ ಮೇಲೆ ಗೋಮಾಳ ಹೆಚ್ಚುವರಿಯಾಗುತ್ತ ಹೋಯಿತು, ಹೆಚ್ಚುವರಿಯಾದದ್ದು ಮಂಜೂರಾತಿಗೆ ಅರ್ಹವಾಯಿತು. ಆ ಗೋಮಾಳ ಕೆಳಗಿನ ಕೆರೆಯ ಜಲಾನಯನವೂ ಹೌದು, ದನ ಒಂದೂ ಇಲ್ಲದಿದ್ದರೂ ಮಳೆ ಅಲ್ಲೇ ಬೀಳುತ್ತದೆ ಎಂಬ ಸಂಗತಿಗೆ ಆ ಸೂತ್ರದಲ್ಲಿ ಜಾಗವೇ ಇಲ್ಲ.

ಹಳ್ಳಗಳ ಕಥೆಯೂ ಹೀಗೆಯೇ. ಸರ್ವೆ ದಾಖಲೆಯಲ್ಲಿ ಉಳುಮೆಗೆ ಬಾರದ ನೆಲ ಖರಾಬು. ಹಿಡುವಳಿಯೊಳಗಿನ ಬಂಡೆ, ಬದು, ಕಣ ಇತ್ಯಾದಿ ಎ ಖರಾಬು. ಸಾರ್ವಜನಿಕರಿಗೆ ಬಿಟ್ಟ ದಾರಿ, ಹಳ್ಳ, ಸ್ಮಶಾನ ಬಿ ಖರಾಬು. ಬಿ ಖರಾಬು ಯಾರ ಆಸ್ತಿಯೂ ಆಗುವಂತಿಲ್ಲ. ಆದರೆ ಖರಾಬು ಎಂಬ ಪದವನ್ನೇ ನೋಡಿ: ಕೆಟ್ಟದ್ದು, ಕೆಲಸಕ್ಕೆ ಬಾರದ್ದು. ಇಡೀ ಊರಿನ ನೀರು ಹರಿಯುವ ನರಕ್ಕೆ ನಾವು ಇಟ್ಟ ಹೆಸರು ಅದು. ನರವನ್ನು ಹೊಲದವರು ವರ್ಷಕ್ಕೆ ಒಂದು ಸಾಲಿನಂತೆ ಉತ್ತು ಉತ್ತು ಸಣ್ಣದಾಗಿಸಿದರು. ಹತ್ತು ಗಜದ ಹಳ್ಳ ಎರಡು ಗಜದ ಚರಂಡಿಯಾದ ಮೇಲೆ ಕೆರೆ ತುಂಬುತ್ತಿಲ್ಲವೆಂದು ಹೂಳೆತ್ತುವ ಟೆಂಡರು ಕರೆಯಲಾಯಿತು. ಹೂಳೆತ್ತಿದ ಕೆರೆಗೆ ನೀರು ಬರುವ ದಾರಿ ಯಾವುದೆಂದು ಟೆಂಡರಿನಲ್ಲಿ ಕೇಳುವ ಕಲಮು ಇರುವುದು ಅಪರೂಪ.

ಒತ್ತುವರಿ ಎನ್ನುವ ಮಾತನ್ನು ಮಾತ್ರ ಸಲೀಸಾಗಿ ಬಳಸಬಾರದು. ಜಮೀನಿಲ್ಲದ ಬಡವನು ಗೋಮಾಳದ ಅಂಚಿನಲ್ಲಿ ಎರಡೆಕರೆ ರಾಗಿ ಬಿತ್ತಿಕೊಂಡದ್ದೂ, ಬೆಂಗಳೂರಿನ ಸುತ್ತ ಲೇಔಟು ಮಾಡುವವನು ಇಡೀ ಸರ್ವೆ ನಂಬರಿಗೆ ಬೇಲಿ ಹಾಕಿದ್ದೂ ಒಂದೇ ಪದದಡಿ ಬರುತ್ತವೆ. ಬಗರ್ ಹುಕುಂ ಸಾಗುವಳಿಯನ್ನು, ಅಂದರೆ ಸರಕಾರಿ ನೆಲದಲ್ಲಿ ಅಪ್ಪಣೆಯಿಲ್ಲದೆ ಮಾಡಿದ ಉಳುಮೆಯನ್ನು, ಸಕ್ರಮಗೊಳಿಸಲು 1991ರಲ್ಲಿ ಫಾರಂ 50, ಆ ದಶಕದ ಕೊನೆಗೆ ಫಾರಂ 53, 2018ರಲ್ಲಿ ಫಾರಂ 57 ಬಂದವು. ಮೊದಲ ಎರಡಕ್ಕೆ 1990ರ ಏಪ್ರಿಲ್ 14ಕ್ಕೆ ಮುಂಚಿನ ಸಾಗುವಳಿ ಬೇಕಿತ್ತು, ಮೂರನೆಯದು ಗಡುವನ್ನು 2005ರ ಜನವರಿ 1ಕ್ಕೆ ತಂದಿತು. ಭೂಸುಧಾರಣೆ ತಲುಪದ ಎಷ್ಟೋ ಮನೆಗಳಿಗೆ ನೆಲ ಸಿಕ್ಕಿದ್ದು ಹೀಗೆಯೇ, ಅದನ್ನು ತಪ್ಪೆನ್ನಲಾಗದು. ಆಕ್ಷೇಪಿಸಬೇಕಾದದ್ದು ಒಂದನ್ನು. ಮೂರು ಸುತ್ತಿನಲ್ಲೂ ಅರ್ಜಿದಾರ ಎಂದಿನಿಂದ ಉಳುತ್ತಿದ್ದಾನೆ, ಎಷ್ಟು ಉಳುತ್ತಿದ್ದಾನೆ ಎಂಬುದೇ ಮುಖ್ಯವಾಯಿತು. ಇಳಿಜಾರಿನ ಯಾವ ಭಾಗದಲ್ಲಿ ಉಳುತ್ತಿದ್ದಾನೆ, ದಿಣ್ಣೆಯ ನೆತ್ತಿಯಲ್ಲಿರುವವನಿಗೆ ಕೆಳಗೆ ಬದಲಿ ಜಾಗ ಕೊಡಬಹುದೇ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳಿದ್ದರೆ ಬಡವನಿಗೆ ಹದವಾದ ನೆಲವೂ ಕೆರೆಗೆ ನೀರೂ ಎರಡೂ ಉಳಿಯುವ ಊರುಗಳು ಬಹಳವಿದ್ದವು.

ಕರಾವಳಿ ಮಲೆನಾಡಿನಲ್ಲಿ ಹಂಚಿಕೆಯ ರೀತಿ ಬೇರೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಹಿಡುವಳಿಯ, ಗಡಿಯಿಂದ ನೂರು ಗಜದವರೆಗೆ ಕುಮ್ಕಿ. ಭೂಮಿ ಸರಕಾರದ್ದು, ಸೊಪ್ಪು, ದರಕು (ಉದುರಿದ ಒಣಎಲೆ) ಒಟ್ಟುವ ಸವಲತ್ತು ತೋಟದವರದು. ಅಲ್ಲಿ ತೋಟಕ್ಕೂ ಬೆಟ್ಟಕ್ಕೂ ನಂಟು ಕಾಗದದಲ್ಲೇ ಉಳಿದಿದೆ, ಇದು ಒಳ್ಳೆಯದು. ಆದರೆ ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ಅದು ಬೇರೆಯದೇ ಚರ್ಚೆ, ಇಲ್ಲಿ ಬಿಡುತ್ತೇನೆ.

ಬಯಲುಸೀಮೆಯ ಹುಲ್ಲುಗಾವಲಿಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಒಳ್ಳೆಯ ಉದ್ದೇಶದ ಹೆಸರಿನಲ್ಲೇ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು, ಉರುವಲಿನ ಬರ ನೀಗಿಸುವುದಾಗಿ ಹೇಳಿತು, ಗೋಮಾಳಗಳಲ್ಲಿ ನೀಲಗಿರಿ ಎದ್ದಿತು. ನೀಲಗಿರಿಯನ್ನು ದನ ಮುಟ್ಟುವುದಿಲ್ಲ, ಆದ್ದರಿಂದ ಅದಕ್ಕೆ ಕಾವಲು ಬೇಡ. ಇಲಾಖೆಗೆ ಅದೇ ಅನುಕೂಲ. ದನ ಮುಟ್ಟದ ಮರವನ್ನು ದನ ಮೇಯುವ ನೆಲದಲ್ಲಿ ನೆಟ್ಟಿದ್ದೇವೆ ಎಂಬುದು ಇಲಾಖೆಗೆ ತಮಾಷೆಯಾಗಿ ಕಾಣಲಿಲ್ಲ. ಇದರ ಜೊತೆಗೆ 1984ರಲ್ಲಿ ರಾಜ್ಯ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಮಾಡಿಕೊಂಡವು. ಕಾರ್ಖಾನೆಗೆ ತಿರುಳು ಒದಗಿಸಲು ಧಾರವಾಡ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ಭಾಗಗಳಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ನೆಲ ಅದಕ್ಕೆ ಮೀಸಲಾಯಿತು. ದಾಖಲೆಯಲ್ಲಿ ಆ ನೆಲ ಪಾಳು. ಊರವರಿಗೆ ಅದು ಹುಲ್ಲು, ಸೌದೆ, ಬಾರಿಹಣ್ಣು, ಗುಡಿಸಲಿನ ಹೊದಿಕೆ.

ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಊರೂರು ತಿರುಗಿ ಜನರನ್ನು ಸೇರಿಸಿತು. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಊರವರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಆ ಸೀಮೆಯ ಮಾತಿನಲ್ಲಿ ಹಚ್ಚುವುದೆಂದರೆ ನೆಡುವುದು, ದೀಪ ಹಚ್ಚುವುದೂ ಅದೇ ಕ್ರಿಯಾಪದ. 1991ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು. ನನ್ನ ದೃಷ್ಟಿಯಲ್ಲಿ ಆ ಚಳವಳಿಯ ದೊಡ್ಡಸ್ತಿಕೆ ಕಿತ್ತಿದ್ದರಲ್ಲಿ ಎಷ್ಟಿದೆಯೋ ಹಚ್ಚಿದ್ದರಲ್ಲೂ ಅಷ್ಟೇ ಇದೆ: ಈ ನೆಲದಲ್ಲಿ ಏನು ಬೆಳೆಯಬೇಕು ಎಂದು ಹೇಳುವ ಅಧಿಕಾರ ಬಳಸುವವರಿಗೆ ಸೇರಿದ್ದು ಎಂದು ಅವರು ಸಸಿ ಹಿಡಿದು ವಾದಿಸಿದರು. ಮೂವತ್ತು ವರ್ಷಗಳ ಮೇಲೆ, 2017ರಲ್ಲಿ, ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಆದರೆ ಅಂತರ್ಜಲದ ಕಾರಣಕ್ಕೆ. ಏನು ನೆಡಬೇಕೆಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಇದ್ದಲ್ಲೇ ಇದೆ.

ಕುಸನೂರಿನದು ಮರ ನೆಟ್ಟು ಹುಲ್ಲು ಕಳೆದ ಕಥೆಯಾದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯದು ಹುಲ್ಲನ್ನು ಖಾಲಿ ಜಾಗವೆಂದು ಓದಿದ ಕಥೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಮೊದಲ್ಗೊಂಡು, ಹೈದರ್ ವಿಸ್ತರಿಸಿ, ಟಿಪ್ಪು ಅಮೃತ್ ಮಹಲ್ ಎಂದು ಕರೆದ ರಾಸುಗಳ ಇಲಾಖೆಗೆ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚು ಕಾವಲುಗಳಿದ್ದವು. ಫಿರಂಗಿ ಎಳೆಯುವ ಎತ್ತುಗಳಿಗೆ ಬೇಕಾದ ಈ ಹುಲ್ಲುಗಾವಲುಗಳನ್ನು ಮಳೆಗಾಲದ, ಚಳಿಗಾಲದ, ಬೇಸಿಗೆಯ ಕಾವಲುಗಳೆಂದು ವಿಂಗಡಿಸಿ, ನೆರಳಿನ ಮರ ಮತ್ತು ಕೆರೆಯಂಗಳ ಇರುವಂಥವನ್ನು ಬೇಸಿಗೆಗೆ ಉಳಿಸಿಕೊಳ್ಳುತ್ತಿದ್ದರು. ಸೇರ್ವೆಗಾರರ ಮೇಲ್ವಿಚಾರಣೆಯಲ್ಲಿ ಮಂದೆಗಳು ಋತು ನೋಡಿ ಜಿಲ್ಲೆಯಿಂದ ಜಿಲ್ಲೆಗೆ ನಡೆಯುತ್ತಿದ್ದವು. ಒಂದು ಕಾವಲು ಮೇದು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಹುಲ್ಲು ಬೀಜ ಉದುರಿಸಿರುತ್ತಿತ್ತು. ಇಂದು ಆಸ್ಟ್ರೇಲಿಯಾದಿಂದಲೋ ಆಫ್ರಿಕಾದಿಂದಲೋ ಬಂದಂತೆ ನಮಗೆ ಪಾಠ ಹೇಳುವ ಸರದಿ ಮೇಯಿಸುವಿಕೆ ಇದೇ.

ಅಂಥವೇ ಆದ ಚಳ್ಳಕೆರೆ ತಾಲ್ಲೂಕಿನ ದೊಡ್ಡ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಸುತ್ತಣ ಹತ್ತಾರು ಹಳ್ಳಿಗಳ ಕುರಿ ಮೇಯುತ್ತಿದ್ದವು, ಕುರಿಯ ಉಣ್ಣೆಯಲ್ಲಿ ಕಂಬಳಿ ನೇಯುವ ಮನೆಗಳಿದ್ದವು, ದನ ಸಾಕುವ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳು ತಿರುಗುತ್ತಿದ್ದವು. 2010ರ ಆಸುಪಾಸಿನಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೂ ಸೌರ ವಿದ್ಯುತ್ತಿಗೂ ಹಂಚಿಕೆಯಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಒಂದಕ್ಕೇ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500. ಗೋಡೆ ಏಳತೊಡಗಿದ ಮೇಲೆ ಎಷ್ಟೋ ಜನರಿಗೆ ವಿಷಯ ತಿಳಿಯಿತು, ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಯಿತು. ದೇಶಕ್ಕೆ ಅಂಥ ಸಂಸ್ಥೆಗಳು ಬೇಡ ಎಂದು ಯಾರೂ ಹೇಳಲಾರರು. ಆದರೆ ಖಾಸಗಿ ನೆಲ ಬೇಕಿದ್ದರೆ ನೋಟಿಸು, ಆಕ್ಷೇಪಣೆ, ಪರಿಹಾರ ಎಂಬ ಮೂರು ಬಾಗಿಲು ದಾಟಬೇಕು. ಸಾಮುದಾಯಿಕ ನೆಲಕ್ಕೆ ಸರಕಾರಿ ಎಂಬ ಒಂದೇ ಪದ ಸಾಕು, ಒಂದೂ ಬಾಗಿಲಿಲ್ಲ. 1998ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ಭೂಪ್ರದೇಶದ ಸುಮಾರು ಶೇ. 15ರಷ್ಟು ಸಾಮುದಾಯಿಕ ಬಳಕೆಯಲ್ಲಿದೆ ಎಂದು ಅಂದಾಜು ಮಾಡಿತ್ತು. ಅದರ ಮೇಲೆ ಬದುಕುವವರ ಹೆಸರು ಯಾವ ಪಹಣಿಯ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ.

ಹಾಗಾದರೆ ಕಾನೂನು ಏನೂ ಮಾಡಿಲ್ಲವೇ? ಪಂಜಾಬಿನ ಪಟಿಯಾಲಾ ಜಿಲ್ಲೆಯ ಒಂದು ಊರಿನ ಕೆರೆಯ ಒತ್ತುವರಿ ಸುಪ್ರೀಂ ಕೋರ್ಟಿಗೆ ಬಂದಾಗ, ಜಗ್ಪಾಲ್ ಸಿಂಗ್ ಪ್ರಕರಣವೆಂದು ಹೆಸರಾದ 2011ರ ಜನವರಿಯ ತೀರ್ಪಿನಲ್ಲಿ, ಎಲ್ಲ ರಾಜ್ಯಗಳೂ ಗ್ರಾಮದ ಸಾಮುದಾಯಿಕ ಭೂಮಿಯನ್ನು ಬಿಡಿಸಿ ಗ್ರಾಮದ ಬಳಕೆಗೆ ಹಿಂದಿರುಗಿಸುವ ಯೋಜನೆ ಮಾಡಬೇಕೆಂದು ನ್ಯಾಯಾಲಯ ಹೇಳಿತು. ತೀರ್ಪು ದಿಟ್ಟವಾಗಿತ್ತು. ಆದರೆ ಆಚರಣೆಯಲ್ಲಿ ಬಿಡಿಸುವುದು ಎಂಬ ಪೂರ್ವಾರ್ಧಕ್ಕೆ ಸಿಕ್ಕ ಗಮನ ಹಿಂದಿರುಗಿಸುವುದು ಎಂಬ ಉತ್ತರಾರ್ಧಕ್ಕೆ ಸಿಗಲಿಲ್ಲ. ಜೆಸಿಬಿ ಬರುತ್ತದೆ, ಬೇಲಿ ಕೀಳುತ್ತದೆ, ಸರಕಾರಿ ಸ್ವತ್ತು ಎಂಬ ಫಲಕ ನಿಲ್ಲುತ್ತದೆ. ಆಮೇಲೆ ಅಲ್ಲಿ ಏನು ನಡೆಯಬೇಕೆಂಬ ನಿಯಮವಿಲ್ಲದೆ ಬಳ್ಳಾರಿ ಜಾಲಿ ಬೆಳೆಯುತ್ತದೆ, ಇಲ್ಲವೇ ಆ ಜಾಗ ಕಸ ವಿಲೇವಾರಿ ಘಟಕಕ್ಕೋ ಹಾಸ್ಟೆಲ್ಲಿಗೋ ಸಿಕ್ಕುವ ಸುಲಭದ ನಿವೇಶನವಾಗುತ್ತದೆ. ಈಗ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ ದಿಶಾಂಕ್ ಇದೆ, ಗ್ರಾಮ ಆಡಳಿತಾಧಿಕಾರಿಗಳು ಸರಕಾರಿ ನೆಲವನ್ನು ಸ್ಥಳಕ್ಕೇ ಹೋಗಿ ಗುರುತಿಸುವ ಲ್ಯಾಂಡ್ ಬೀಟ್ ವ್ಯವಸ್ಥೆ ಇದೆ. ಇವು ನಿಜಕ್ಕೂ ಉಪಯುಕ್ತ. ಗಡಿ ತಿಳಿದ ಮೇಲೆ ಗಡಿಯೊಳಗೆ ಏನು ಎಂಬ ಪ್ರಶ್ನೆಗೆ ಮಾತ್ರ ಆ್ಯಪ್ ಇಲ್ಲ.

ಆ ಪ್ರಶ್ನೆಗೆ ನೆಲವೇ ಅರ್ಧ ಉತ್ತರ ಕೊಡುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಗುಂಡಿ ತೋಡಿ ಸಸಿ ನೆಡುವ ಅಗತ್ಯ ಬಹುಪಾಲು ಇಲ್ಲ. ಬಂದರಿಕೆ, ಕಕ್ಕೆ, ಮುತ್ತುಗ ಮುಂತಾದವುಗಳ ಬೊಡ್ಡೆ ಬೇರು ಅಲ್ಲಿ ಇನ್ನೂ ಜೀವಂತವಿದ್ದರೆ ಎರಡು ಮೂರು ಮಳೆಗಾಲ ಕೊಡಲಿ, ಬೆಂಕಿ, ಮೇಯುವ ಬಾಯಿ ಇವುಗಳಿಂದ ಬಿಡುವು ಕೊಟ್ಟರೆ ಸಾಕು, ಚಿಗುರುತ್ತವೆ. ನಡು ಇಳಿಜಾರು ಹುಲ್ಲಿನದು. ಅಲ್ಲಿ ದಟ್ಟವಾಗಿ ಮರ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾದ 798 ಎಕರೆ ಬಯಲನ್ನು ನೋಡಿದವರಿಗೆ, ಮರ ಕಡಿಮೆ ಇರುವುದು ಕೊರತೆಯಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಹಳ್ಳದ ಎರಡೂ ದಂಡೆಗೆ ಹೊಂಗೆ, ನೇರಳೆ, ಲಕ್ಕಿ. ಕೆರೆಯ ಹಿನ್ನೀರಿನ ಅಂಚಿನಲ್ಲಿ ಹೂಳು ತಡೆಯುವ ಹುಲ್ಲಿನ ಪಟ್ಟಿ. ಮರ ಬೇಕೇ ಬೇಕೆನ್ನುವವರಿಗೆ ತೋಪು ಇದೆ: ಹುಣಸೆ, ಮಾವು, ಬೇವು, ಹಿಪ್ಪೆ, ಯಾವುದಕ್ಕೂ ಜಾಗ ಸಾಲದೆ ಹೋಗುವುದಿಲ್ಲ.

ಟ್ರೆಂಚಿನ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜಲಾನಯನದ ಹೆಸರಲ್ಲಿ ಹೆಚ್ಚು ಹಣ ಹೋಗುವುದು ಅಲ್ಲಿಗೆ. ಸಮಪಾತಳಿ ಗೆರೆಯ ಮೇಲೆ, ಅಂದರೆ ಇಳಿಜಾರಿನಲ್ಲಿ ಒಂದೇ ಎತ್ತರ ಹಿಡಿದು ಸಾಗುವ ಗೆರೆಯ ಮೇಲೆ, ಆಳು ತೋಡಿದ ಬಿಡಿಬಿಡಿ ಟ್ರೆಂಚು ನೀರನ್ನು ನಿಲ್ಲಿಸಿ ಇಂಗಿಸುತ್ತದೆ. ಜೆಸಿಬಿಯಿಂದ ಒಂದೇ ಉದ್ದಕ್ಕೆ ತೋಡಿದ ಟ್ರೆಂಚು ಗೆರೆ ಒಂದಡಿ ತಪ್ಪಿದರೂ ತಗ್ಗಿನ ಕಡೆ ನೀರನ್ನೆಲ್ಲ ಸೇರಿಸಿ ಒಡೆಯುತ್ತದೆ, ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಹುಟ್ಟುತ್ತದೆ. ಅಗೆದು ಮೇಲೆ ಹಾಕಿದ ಗರಸಿನ ಮೇಲೆ ಹುಲ್ಲು ಹತ್ತುವುದಿಲ್ಲ. ಚೆನ್ನಾಗಿ ತೋಡಿದ ಟ್ರೆಂಚಿಗೂ ಒಂದು ರಾಜಕೀಯವಿದೆ. ಮೇಲೆ ಇಂಗಿದ ನೀರು ಇಳಿಜಾರಿನ ನಡುವೆ ಕೊಳವೆಬಾವಿ ಇರುವವನಿಗೆ ಸಿಗುತ್ತದೆ, ಹರಿದು ಕೆರೆ ಸೇರಿದ ನೀರು ಅಚ್ಚುಕಟ್ಟಿನವನಿಗೂ ಊರ ದನಕ್ಕೂ ಬಟ್ಟೆ ಒಗೆಯುವವಳಿಗೂ ಸಿಗುತ್ತದೆ. ಮೇಲೆಲ್ಲ ಟ್ರೆಂಚು, ಕೃಷಿಹೊಂಡ, ಚೆಕ್‌ಡ್ಯಾಮು ತುಂಬಿದ ಊರುಗಳಲ್ಲಿ ಕೆರೆ ಕೋಡಿ ಬೀಳುವುದು ಕಡಿಮೆಯಾಗಿದೆ ಎಂದು ಅಚ್ಚುಕಟ್ಟಿನವರು ದೂರುವುದಕ್ಕೆ ಕಾರಣವಿದೆ. ಎಷ್ಟು ಇಂಗಬೇಕು, ಎಷ್ಟು ಹರಿಯಬೇಕು ಎಂಬುದು ಎಂಜಿನಿಯರಿನ ಅಂದಾಜುಪಟ್ಟಿಯಲ್ಲಿ ತೀರ್ಮಾನವಾಗುವ ಸಂಗತಿಯಂತೆ ಕಾಣುತ್ತದೆ. ನಿಜದಲ್ಲಿ ಅದು ಯಾರಿಗೆ ಎಷ್ಟು ಎಂಬ ಹಂಚಿಕೆ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಜಗಳವಾಡಿ ಮುಗಿಸಬೇಕಾದದ್ದು.

ಹಾಗೆ ಹಂಚಿಕೊಂಡ ಊರಿನ ಉದಾಹರಣೆ ಹರಿಯಾಣದಲ್ಲಿದೆ. ಚಂಡೀಗಡದ ಸುಖನಾ ಸರೋವರಕ್ಕೆ ಹೂಳು ಎಲ್ಲಿಂದ ಬರುತ್ತಿದೆ ಎಂದು 1970ರ ದಶಕದಲ್ಲಿ ಹುಡುಕುತ್ತ ಹೋದ ಮಣ್ಣು ವಿಜ್ಞಾನಿ ಪಿ.ಆರ್. ಮಿಶ್ರಾ ಶಿವಾಲಿಕ್ ಗುಡ್ಡದ ಸುಖೋಮಾಜ್ರಿಗೆ ತಲುಪಿದರು. ಆ ಊರಿನ ಆಡು ದನ ಮೇದು ಬೋಳಾದ ಗುಡ್ಡವೇ ಹೂಳಿನ ಮೂಲ. ಮೇಯಿಸಬೇಡಿ ಎಂದರೆ ಯಾರೂ ಕೇಳುತ್ತಿರಲಿಲ್ಲ. ಗುಡ್ಡದ ಬುಡದಲ್ಲಿ ಮಣ್ಣಿನ ಅಣೆಕಟ್ಟು ಕಟ್ಟಿ ಹೊಲಕ್ಕೆ ನೀರು ಕೊಟ್ಟ ಮೇಲೆ, ಗುಡ್ಡ ಸವೆದರೆ ನಮ್ಮದೇ ಅಣೆ ಹೂಳುತ್ತದೆ ಎಂಬುದು ಊರಿಗೆ ಕಂಡಿತು. ಅಷ್ಟರಿಂದಲೂ ಕೆಲಸ ಆಗಲಿಲ್ಲ, ಏಕೆಂದರೆ ಹೊಲವಿಲ್ಲದವನಿಗೆ ನೀರಿನಿಂದ ಏನು ಬಂತು? ಜಮೀನು ಇರಲಿ ಇಲ್ಲದಿರಲಿ ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು, ಬೇಡವಾದವನು ತನ್ನ ಪಾಲನ್ನು ಮಾರಿಕೊಳ್ಳಬಹುದು ಎಂದಾದ ಮೇಲೆ ಗುಡ್ಡಕ್ಕೆ ಬೇಲಿ ಬೇಕಾಗಲಿಲ್ಲ. ಗುಡ್ಡ, ಅಣೆ, ಹೊಲ ಎಂಬ ವಿನ್ಯಾಸವೂ ಮನೆಗೊಂದು ಪಾಲು ಎಂಬ ವಿನ್ಯಾಸವೂ ಕೂಡಿಯೇ ಕೆಲಸ ಮಾಡಿದವು.

ಕರ್ನಾಟಕದಲ್ಲಿ ಇಂಥದಕ್ಕೆ ಕಾನೂನಿನ ಗೂಡು ಎಲ್ಲಿದೆ ಎಂದರೆ, ಗೋಮಾಳಕ್ಕೆ ಸದ್ಯಕ್ಕೆ ಇಲ್ಲ. ಅರಣ್ಯ ಭೂಮಿಯಾದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಪಡೆಯಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು 2011ರಲ್ಲಿ ಹಾಗೆ ಪಡೆದವು. 1993ರಲ್ಲಿ ಬಂದ ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿಗಳು ಇಲಾಖೆಯ ಕೃಪೆಯಲ್ಲಿ ಉಸಿರಾಡುತ್ತವೆ. ಗೋಮಾಳವನ್ನು ಕಾದಿರಿಸುವ ಅಧಿಕಾರ 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿದೆ, ಮೇಯಿಸುವುದರ ನಿಯಂತ್ರಣ 72ನೇ ಕಲಮಿನಲ್ಲಿದೆ, ಎರಡೂ ಕಂದಾಯ ಅಧಿಕಾರಿಗಳ ಕೈಯಲ್ಲಿ. ಇಳಿಜಾರಿನ ನಕ್ಷೆಯೊಂದನ್ನು ಗ್ರಾಮಸಭೆ ಒಪ್ಪಿದರೆ ಅದು ತಹಶೀಲ್ದಾರರನ್ನೂ ಕಟ್ಟಿಹಾಕುವಂತಿರಬೇಕು. ಜಲಾನಯನದೊಳಗಿನ ಗೋಮಾಳವನ್ನು ದನದ ತಲೆ ಎಣಿಸಿ ಹೆಚ್ಚುವರಿ ಎಂದು ಘೋಷಿಸಬಾರದು ಎಂದು 97ನೇ ನಿಯಮಕ್ಕೆ ಒಂದು ಸಾಲು ಸೇರಬೇಕು. ನೀರುಗಂಟಿಯ ಕೆಲಸಕ್ಕೆ ಜಾತಿಯಿಲ್ಲದ, ಸಂಬಳವಿರುವ ಹುದ್ದೆ ಬೇಕು. ದೊಡ್ಡ ಕ್ರಾಂತಿಯೇನಲ್ಲ. ಆದರೂ ಇವುಗಳಲ್ಲಿ ಮೊದಲನೆಯದಕ್ಕೆ ಕಂದಾಯ ಇಲಾಖೆ ಸುಲಭಕ್ಕೆ ಒಪ್ಪಲಾರದು, ಏಕೆಂದರೆ ರಾಜ್ಯಕ್ಕೆ ಯಾವ ಹೊಸ ಕಟ್ಟಡಕ್ಕೆ ಜಾಗ ಬೇಕಾದರೂ ಅದು ಮೊದಲು ತೆರೆಯುವ ಖಾನೆ ಗೋಮಾಳದ್ದು.

ಇದೆಲ್ಲ ಆದ ದಿನವೂ ಊರಿನಲ್ಲಿ ಒಂದು ಕಷ್ಟದ ಸಂಜೆ ಇದ್ದೇ ಇರುತ್ತದೆ. ಹುಲ್ಲು ಹೂಬಿಟ್ಟು ಬೀಜ ಉದುರಬೇಕಾದರೆ ಜೂನ್‌ನಿಂದ ದಸರೆಯವರೆಗೆ ಗೋಮಾಳದ ಒಂದು ಭಾಗವನ್ನು ಮುಚ್ಚಬೇಕು. ಹೊಲವಿದ್ದವನ ದನಕ್ಕೆ ಬದುವಿನ ಹುಲ್ಲುಂಟು, ಡೇರಿಯ ಹಸುವಿಗೆ ಹಿಂಡಿ ಉಂಟು. ಹನ್ನೆರಡು ಆಡು ಬಿಟ್ಟು ಬೇರೇನೂ ಇಲ್ಲದ ಮನೆಯ ಹೆಂಗಸು ಗ್ರಾಮಸಭೆಯ ಹಿಂದಿನ ಸಾಲಿನಿಂದ ಎದ್ದು, ಈ ನಾಲ್ಕು ತಿಂಗಳು ನನ್ನ ಆಡು ಎಲ್ಲಿ ಮೇಯಬೇಕು ಎಂದು ಕೇಳುತ್ತಾಳೆ. ಕೆರೆಯಂಗಳದ ಅಂಚು, ತೋಪಿನ ನೆಲ, ಹಳ್ಳದ ದಂಡೆಯ ಲಕ್ಕಿ ಸೊಪ್ಪು, ಮುಚ್ಚದೆ ಬಿಟ್ಟ ಇನ್ನೊಂದು ಭಾಗ: ನಕ್ಷೆಯಲ್ಲಿ ಅವಳ ಹನ್ನೆರಡು ಆಡಿಗೆ ತಿಂಗಳುವಾರು ಜಾಗ ತೋರಿಸಿದ ಮೇಲೆಯೇ ಗೋಮಾಳ ಮುಚ್ಚುವ ಠರಾವು ಓದಬೇಕು. ತೋರಿಸದೆ ಓದಿದರೆ ಅವಳು ರಾತ್ರಿ ಮೇಯಿಸುತ್ತಾಳೆ.